ಮೂರು ಊರಿಗೆ ಒಂದೇ ಪುಸ್ತಕ

ಮೂರು ಊರಲ್ಲಿ ಒಟ್ಟಿಗೆ ಕಟ್ಟಡ ಕಟ್ಟಿಸುವವರು ನಗುವುದಕ್ಕೆಂದು ಬೇರೆಲ್ಲೂ ಹೋಗಬೇಕಾಗಿಲ್ಲ. ನಾನು ಎಂಜಿನಿಯರ್. ಯಾದಗಿರಿ, ಶಹಾಪುರ, ಸುರಪುರದಲ್ಲಿ ಶಾಲಾ ಕೋಣೆಗಳ ಕೆಲಸ ನನ್ನ ಪಾಲಿಗೆ ಬಂದಿತ್ತು. ಬೇಸಿಗೆ ರಜೆಯೊಳಗೆ ಮುಗಿಯದಿದ್ದರೆ ಮಕ್ಕಳು ಬೇವಿನ ಮರದ ಕೆಳಗೆ ಕೂರಬೇಕು. ಅದಾಗಗೊಡಬಾರದೆಂದು ಹಟ ತೊಟ್ಟೆ. ಒಂದು ಕಡೆ ಆದ ತಪ್ಪು ಇನ್ನೊಂದು ಕಡೆ ಆಗದಿರಲೆಂದು, ಮೂರೂ ಕಡೆಯವರು ಕಲಿತದ್ದನ್ನು ಮೊಬೈಲಿನಲ್ಲೇ ಬರೆದು ಓದುವ ಒಂದು ‘ಅನುಭವದ ಪುಸ್ತಕ’ ಮಾಡಿಸಿದೆ.

ಎರಡಡಿ

ಶಹಾಪುರದ ಮೇಸ್ತ್ರಿ ಮೊದಲು ಬರೆದ: ‘ಪಾಯ ಇನ್ನೂ ಎರಡಡಿ ಆಳ ತೆಗೀರಿ.’ ಅಲ್ಲಿ ಮಳೆಗೆ ಉಬ್ಬಿ ಬಿಸಿಲಿಗೆ ಬಿರಿಯುವ ಕರಿಮಣ್ಣು, ಅವನ ಮಾತು ಸರಿ. ಮೂರನೇ ದಿನ ಸುರಪುರಕ್ಕೆ ಹೋದರೆ ನಾಲ್ಕು ಮಂದಿ ಬೆವರು ಸುರಿಸಿ ಬಂಡೆ ಒಡೆಯುತ್ತಿದ್ದಾರೆ.

“ಕಲ್ಲು ಹತ್ತಿದಮ್ಯಾಲೂ ಯಾಕ ಒಡಿಯಾಕತ್ತೀರಿ?”

“ಪುಸ್ತಕದಾಗ ಬರದೈತ್ರಿ” ಅಂದ ಅಲ್ಲಿಯ ಮೇಸ್ತ್ರಿ. “ನಮಗೂ ಅನುಮಾನ ಇತ್ತು. ಆದ್ರ ಓದಿದವರು ಮಾಡಿಸಿದ ಪುಸ್ತಕ ಅಂತ ಸುಮ್ಮನಾದ್ವಿ.”

ಇಷ್ಟು ನೀರು

ಯಾದಗಿರಿಯ ಹಿರಿಯ ಮೇಸ್ತ್ರಿಯನ್ನು ಎಲ್ಲರೂ ಚಾಚಾ ಅನ್ನುತ್ತಿದ್ದರು. ಗೋಡೆಗೆ ಸಿಮೆಂಟು ಬಳಿದು ಗಿಲಾವು ಮಾಡುವುದರಲ್ಲಿ ಅವರಿಗೆ ಸಾಟಿಯಿಲ್ಲ, ಬರೆಯಲು ಮಾತ್ರ ಬಾರದು. “ಫೋನಿನ್ಯಾಗ ಮಾತಾಡಿ ಕಳಿಸ್ರಿ” ಅಂದೆ. ಕಳಿಸಿದರು. ಶಹಾಪುರದವರು ನಾಲ್ಕು ಸಲ ಕೇಳಿ ನನಗೆ ಫೋನ್ ಮಾಡಿದರು. ಅವರು ಕಳಿಸಿದ್ದನ್ನು ನಾನೂ ಹಾಕಿ ಕೇಳಿದೆ: “ದೇಖೋ, ಸಿಮೆಂಟ್ ಇಷ್ಟು. ಉಸುಕು ಇಷ್ಟು. ನೀರು ಇಲ್ಲಿತನಕ. ತಿಳೀತಲ್ಲ?”

“ಎಲ್ಲಿತನಕ, ಚಾಚಾ?” ಅಂತ ಅವರಿಗೇ ಫೋನ್ ಮಾಡಿದೆ.

“ಕೈಲೇ ತೋರಿಸೀನಲ್ರಿ ಮೇಡಂ” ಅಂದರು ನೊಂದುಕೊಂಡು.

ಸಮಸ್ಯೆ, ಪರಿಹಾರ

ಶಾಲೆ ಶುರುವಾಗಲು ಎರಡೇ ವಾರ ಉಳಿದಿತ್ತು. ಶಹಾಪುರದಲ್ಲಿ ನಾನು ಹೋದೊಡನೆ ಚಹಾ ಬಂತು. ಸುರಪುರದಲ್ಲಿ ಚಹಾದ ಜೊತೆ ಮಿರ್ಚಿ ಭಜಿ. ಯಾದಗಿರಿಯಲ್ಲಿ ಭಜಿಯ ತಟ್ಟೆ ಇನ್ನೂ ದೊಡ್ಡದಿತ್ತು. ಅನುಮಾನ ಬಂದು ಪುಸ್ತಕ ತೆರೆದೆ.

ಶಹಾಪುರದವರು ಬರೆದಿದ್ದರು: ‘ಸಮಸ್ಯೆ: ಮೇಡಂ ಬರ್ತಾರ, ಗ್ವಾಡಿ ಒಡಸ್ತಾರ. ಪರಿಹಾರ: ಮೊದಲ ಚಹಾ ಕೊಡ್ರಿ.’

ಕೆಳಗೆ ಸುರಪುರದವರು: ‘ಬರೇ ಚಹಾ ಸಾಲಂಗಿಲ್ಲ. ಭಜಿ ಕೊಟ್ವಿ, ನಕ್ಕೊಂತ ಹೋದ್ರು.’

ಅಂತೂ ಮೂರು ಊರಿನವರು ಒಬ್ಬರಿಂದೊಬ್ಬರು ಕಲಿಯುತ್ತಿದ್ದಾರಲ್ಲ ಎಂದು ಒಳಗೊಳಗೇ ಖುಷಿಯಾಯಿತು. ಭಜಿಯನ್ನೆಲ್ಲ ತಿಂದೆ. ಕೈ ತೊಳೆದು, ಅಲ್ಲೇ ಸೊಟ್ಟಗೆ ಎದ್ದಿದ್ದ ಗೋಡೆ ಒಡೆಸಿದೆ. ಪುಸ್ತಕದಲ್ಲಿ ಬರೆದೆ: ‘ಭಜಿ ಛಲೋ ಇದ್ವು. ಪರಿಹಾರ ನಡಿಯಂಗಿಲ್ಲ.’

ಶಾಲೆ ಶುರುವಾದ ದಿನ ಮೂರೂ ಕಡೆ ಮಕ್ಕಳು ಹೊಸ ಕೋಣೆಯಲ್ಲೇ ಕೂತರು. ಅಂದು ಪುಸ್ತಕದಲ್ಲಿ ಯಾದಗಿರಿಯಿಂದ ಹೊಸ ಪಾಠವೊಂದು ಬಂದಿತ್ತು:

‘ಗ್ವಾಡಿ ನೆಟ್ಟಗ ಕಟ್ಟಿದ್ರ ಭಜಿ ನಾವ ತಿನ್ನಬಹುದು.’