ಬೂಸ್ಟು ಮುಚ್ಚಿದ ಕೆಂಡ

ಹೆಂಡತಿ: ಎಸೆದೆ ಅಂದ್ರೆ ಎಸೆದೆ. ಬೂಸ್ಟು ಹಿಡಿದಿತ್ತು.

ಗಂಡ: ಇವತ್ತೇ ಎಸೀಬೇಕಿತ್ತಾ? ಸಾಹೇಬ್ರು ಊಟಕ್ಕೆ ಬರ್ತಿದಾರೆ ಕಣೇ!

ಹೆಂಡತಿ: ಬರ್ಲಿ. ಅಸಲಿ ಚಿಲ್ಲಿ ಫ್ಲೇಕ್ಸ್ ಬಾಟಲಿ ತುಂಬ ಇದೆ. ನಾನೇ ಕೈಯಾರೆ ಕುಟ್ಟಿದ್ದು.

ಗಂಡ: ಅದನ್ನ ತಿಂದ್ರೆ ಊಟ ಮುಗಿಯೋಕೆ ಮೊದಲು ನಾನು ಮುಗೀತೀನಿ!

ಗಂಡನಿಗೆ ಅಗ್ನಿಶಾಮಕ ಠಾಣೆಯಲ್ಲಿ ಕೆಲಸ. ಕಟ್ಟಡ ಧಗಧಗ ಉರಿಯುತ್ತಿದ್ದರೂ ಏಣಿ ಹತ್ತಿಬಿಡುವ ಗಂಡೆದೆ. ನಾಲಿಗೆಗೆ ಒಂದು ಮೆಣಸಿನ ಬೀಜ ತಾಗಿದರೆ ಮಾತ್ರ ಕಣ್ಣಲ್ಲಿ ಕೊಳಾಯಿ. ಠಾಣೆಯ ಹೊಸ ಸಾಹೇಬರದೋ ಒಂದೇ ಸಿದ್ಧಾಂತ: ಖಾರಕ್ಕೆ ಹೆದರುವವನು ಬೆಂಕಿಗೆ ಹೋಗುತ್ತಾನೆಯೇ? ತಂಡದ ಮುಖ್ಯಸ್ಥನ ಜಾಗ ಬೇರೆ ಖಾಲಿಯಿತ್ತು. ಹಾಗಾಗಿ ಹೆಂಡತಿ ಕೆಂಪು ದೊಣ್ಣೆ ಮೆಣಸಿನಕಾಯಿ ಒಣಗಿಸಿ, ಚೂರು ಮಾಡಿ, ಬಾಟಲಿಗೆ ತುಂಬಿ ಕೊಡುತ್ತಿದ್ದಳು. ಹೆಸರಿಗೆ ದೊಣ್ಣೆ, ಏಟು ಮಾತ್ರ ಇಲ್ಲ. ಅದನ್ನೇ ಎಲ್ಲರೆದುರು ಚಮಚಗಟ್ಟಲೆ ಸುರಿದುಕೊಂಡು ಅವನು ‘ಕೆಂಡ’ ಎಂಬ ಬಿರುದು ಸಂಪಾದಿಸಿದ್ದ. ಇವತ್ತು ಬೂಸ್ಟು ಹಿಡಿದು ಕಸಕ್ಕೆ ಹೋದದ್ದು ಅದೇ.

ಗಂಡ: ಇನ್ನೊಂದಿಷ್ಟು ಬಿಸಿಲಿಗೆ ಇಟ್ಟಿದ್ರೆ ನಿನ್ನ ಗಂಟೇನು ಹೋಗ್ತಿತ್ತು?

ಹೆಂಡತಿ: ನೀವು ಮಹಡಿಗೆ ಹೋಗಿ ಮಗುಚಿ ಹಾಕಿದ್ರೆ ನಿಮ್ಮ ಗಂಟೇನು ಹೋಗ್ತಿತ್ತು? ಹತ್ತೋದೇ ತಾನೆ ನಿಮ್ಮ ಕೆಲಸ?

ಗಂಡ: ಹೊಟ್ಟೆನೋವು ಅಂತ ಹೇಳಿಬಿಡ್ಲಾ?

ಹೆಂಡತಿ: ಹೇಳಿ. ಖಾರ ತಿಂದು ಬಂದದ್ದಾ ಅಂತ ಕೇಳ್ತಾರೆ.

ಕರೆಗಂಟೆ ಸದ್ದು ಮಾಡಿತು. ಮೊದಲು ಮೀಸೆ, ಆಮೇಲೆ ಸಾಹೇಬರು ಒಳಗೆ ಬಂದರು. ಮೇಜಿನ ಮೇಲೆ ಬೇಯಿಸಿದ ಆಲೂಗಡ್ಡೆ, ಮೊಟ್ಟೆ, ನಡುವೆ ಹೆಂಡತಿಯ ಅಸಲಿ ಬಾಟಲಿ. ಅದನ್ನು ಕಂಡು ಸಾಹೇಬರು ತುಸು ತಡೆದು, ತಮ್ಮ ಜೇಬಿನಿಂದಲೇ ಒಂದು ಬಾಟಲಿ ತೆಗೆದರು.

ಸಾಹೇಬ: ನಿಮ್ಮದು ಒಳಗಿಡಿ ತಾಯಿ. ಇದು ನಮ್ಮನೆಯದು. ಇದರ ಮುಂದೆ ಬೇರೆಯದೆಲ್ಲ ಸಕ್ಕರೆ! ಏನ್ರೀ ಕೆಂಡ, ಹಾಕ್ಕೊಳ್ಳಿ.

ಗಂಡ: ಅಯ್ಯೋ ಸಾರ್, ಆಮೇಲೆ ನಿಮಗೇ ಸಾಲದೆ ಹೋದ್ರೆ...

ಸಾಹೇಬ: ಹೆದರಿಕೇನಾ?

ಗಂಡ: ಹೆದರಿಕೆಯಾ? ನನಗಾ?

ಹೆಂಡತಿ: ಅವರಿಗೆ ಹೆದರಿಕೆ ಅಂದ್ರೇನು ಅಂತಲೇ ಗೊತ್ತಿಲ್ಲ ಸಾರ್. ಇರಿ, ಇನ್ನೊಂದು ಜಗ್ ನೀರು ತರ್ತೀನಿ.

ಗಂಡ ಕಣ್ಣು ಮುಚ್ಚಿ, ಮನೆದೇವರನ್ನು ನೆನೆದು, ಒಂದು ಚಮಚ ಸುರಿದುಕೊಂಡು ಬಾಯಿಗಿಟ್ಟ. ಬೆಂಕಿಗಾಗಿ ಕಾದ. ಬರಲಿಲ್ಲ. ಮತ್ತೆ ಅಗಿದ. ಸಿಹಿ, ಮೆತ್ತಗೆ, ತೀರಾ ಪರಿಚಯದ ರುಚಿ. ಒಂದು ಕಣ್ಣು ತೆರೆದು ನೋಡಿದರೆ ಸಾಹೇಬರು ಬಾರದ ಬೆವರನ್ನು ಒರೆಸಿಕೊಳ್ಳುತ್ತಿದ್ದರು.

ಗಂಡ: ಅಬ್ಬಬ್ಬಾ! ಸಾರ್, ಕಿವೀಲಿ ಹೊಗೆ ಬರ್ತಿದೆ!

ಸಾಹೇಬ: ಹೇಳ್ಲಿಲ್ವಾ? ಸ್ಸ್... ಹಾ... ನನಗೇ ತಡೆಯೋಕಾಗ್ತಿಲ್ಲ!

ಹೆಂಡತಿ: ಅಷ್ಟೊಂದು ಖಾರಾನಾ? ಕೊಡಿ ಇಲ್ಲಿ.

ಗಂಡ: ಬೇಡ ಕಣೇ, ನಿನಗೆ ಬೇಡ!

ಸಾಹೇಬ: ಇದು ಹೆಂಗಸ್ರ ಕೈಲಿ ಆಗೋದಲ್ಲಮ್ಮಾ!

ಆ ಮಾತೇ ಸಾಕಾಯಿತು. ಅವಳು ಅಂಗೈ ತುಂಬ ಸುರಿದು ಬಾಯಿಗೆ ಎಸೆದುಕೊಂಡಳು. ಏನಾದರೂ ಅಂದಾಳೆಂದು ಗಂಡ ಮೇಜಿನಡಿ ಅವಳ ಕಾಲು ತುಳಿಯಹೋದ. ಸಿಕ್ಕಿದ್ದು ಸಾಹೇಬರ ಕಾಲು.

ಸಾಹೇಬ: ಅಯ್ಯಯ್ಯೋ!

ಹೆಂಡತಿ: ಪಾಪ, ಈಗ ಹತ್ತಿತು ನೋಡಿ ಖಾರ.

ಊಟ ಮುಗಿಸಿ, ಸಾಹೇಬರು ಕುಂಟುತ್ತ ಬಾಗಿಲಿಗೆ ಬಂದರು.

ಸಾಹೇಬ: ಸೋಮವಾರದಿಂದ ತಂಡ ನಿಮ್ಮದು ಕಣ್ರೀ ಕೆಂಡ! ಇದನ್ನ ತಡಕೊಳ್ಳೋರು ಇಡೀ ಠಾಣೆಯಲ್ಲಿ ನಾವಿಬ್ಬರೇ.

ಹೆಂಡತಿ ಬಾಟಲಿಯನ್ನು ವಿನಯದಿಂದ ಅವರ ಕೈಗಿಟ್ಟಳು.

ಹೆಂಡತಿ: ಸಾರ್, ಮನೇಲಿ ಅಮ್ಮಾವ್ರಿಗೆ ಒಂದು ಮಾತು ಹೇಳಿ. ದೊಣ್ಣೆ ಮೆಣಸಿನಕಾಯಲ್ಲಿ ನೀರು ಜಾಸ್ತಿ. ಇಷ್ಟು ಹಸಿ ಇದ್ರೆ ಬೂಸ್ಟು ಹಿಡಿಯುತ್ತೆ.

ಗಂಡ ಗೋಡೆ ನೋಡಿದ. ಸಾಹೇಬರು ತಮ್ಮ ಬೂಟು ನೋಡಿಕೊಂಡರು. ಆಮೇಲೆ ಹೊರಗೆ ಯಾರಾದರೂ ಇದ್ದಾರೆಯೇ ಎಂದು ಇಣುಕಿ, ಪಿಸುಗುಟ್ಟಿದರು.

ಸಾಹೇಬ: ಅವಳಿಗೆ ಗೊತ್ತಿಲ್ಲ ತಾಯಿ, ನಾನೇ ಒಣಗಿಸಿದ್ದು. ಇನ್ನೂ ಎಷ್ಟು ಬಿಸಿಲು ಬೇಕು?