ಖಾಲಿ ಕುರ್ಚಿಯ ಓಡಾಟ

ಗುಡುಗು ಮೇಷ್ಟ್ರಿಗೆ ಅಂದು ಬೆಳಿಗ್ಗೆಯೇ ಪಿತ್ತ ನೆತ್ತಿಗೇರಿತ್ತು. ಭೌತಶಾಸ್ತ್ರದ ತರಗತಿಯಲ್ಲಿ ಅರೆವಾಹಕದ ಪಾಠ ಮಾಡುತ್ತ, "ಎಲೆಕ್ಟ್ರಾನ್ ಬಿಟ್ಟುಹೋದ ಖಾಲಿ ಜಾಗಕ್ಕೆ ರಂಧ್ರ ಅಂತಾರೆ. ಅದೂ ಹರಳಿನೊಳಗೆ ಓಡಾಡುತ್ತೆ" ಎಂದಿದ್ದರು. ಮುಂದಿನ ಬೆಂಚಿನ ಹುಡುಗಿ ಎದ್ದು, "ಇಲ್ಲದೇ ಇರೋದು ಹೇಗೆ ಸಾರ್ ಓಡಾಡುತ್ತೆ?" ಎಂದಳು. ಮೇಷ್ಟ್ರು ಮತ್ತೆ ಮತ್ತೆ ವಿವರಿಸಿದರು, ಕೊನೆಗೆ ಬೈದರು. ಕೋಣನ ಮುಂದೆ ಕಿನ್ನರಿ ಬಾರಿಸಿದಂತಾಯಿತು.

ಅವರಿಗಿದ್ದ ಸಮಾಧಾನ ಒಂದೇ. ಅಧ್ಯಾಪಕರ ಕೊಠಡಿಯಲ್ಲಿ ಕಿಟಕಿ ಪಕ್ಕದ ಕುರ್ಚಿಯವರು ನಿನ್ನೆ ನಿವೃತ್ತರಾಗಿದ್ದರು. ಸಾಲಿನ ಇನ್ನೊಂದು ತುದಿಯಲ್ಲಿ, ಚಿಲಕ ಬೀಳದ ಪಾಯಿಖಾನೆಯ ಬಾಗಿಲಿಗೆ ಅಂಟಿಕೊಂಡು ಇಷ್ಟು ವರ್ಷ ಮೂಗು ಮುಚ್ಚಿ ಕೂತವರು ನಮ್ಮ ಮೇಷ್ಟ್ರು. ಹಿರಿತನದ ಪ್ರಕಾರ ಇನ್ನು ಕಿಟಕಿ ಅವರದು.

ಪಾಠ ಮುಗಿಸಿ ಬಂದರೆ ಕಿಟಕಿಯ ಬಳಿ ರಸಾಯನಶಾಸ್ತ್ರದವರು ಕಾಲು ಚಾಚಿ ಕೂತಿದ್ದರು. ಅವರ ಜಾಗದಲ್ಲಿ ಇತಿಹಾಸದವರು, ಇತಿಹಾಸದವರ ಜಾಗದಲ್ಲಿ ಗಣಿತದ ಮೇಡಂ. ಖಾಲಿ ಉಳಿದದ್ದು ಮೇಷ್ಟ್ರ ಹಳೆಯ ಕುರ್ಚಿಯ ಪಕ್ಕದ್ದು.

"ಯಾರನ್ನ ಕೇಳಿ ಕೂತ್ರಿ?"

"ಬೆನ್ನುನೋವು ಸಾರ್. ಗಾಳಿ ಬೇಕು ಅಂದಿದಾರೆ ಡಾಕ್ಟ್ರು," ಎಂದರು ರಸಾಯನದವರು.

"ನಾನೇನು ಕಿಟಕಿ ಕೇಳಿದ್ನಾ? ಪಕ್ಕದಲ್ಲಿ ಖಾಲಿ ಆಯ್ತು, ಸರಿದೆ," ಎಂದರು ಮೇಡಂ.

"ಸಿಂಹಾಸನ ಖಾಲಿ ಬಿಟ್ಟು ಪಾಠಕ್ಕೆ ಹೋದೋರು ನೀವು," ಎಂದರು ಇತಿಹಾಸದವರು. "ನಿಮಗೂ ಒಂದು ಕುರ್ಚಿ ಮುಂದಕ್ಕೆ ಸಿಕ್ಕಿದೆಯಲ್ಲ, ಸರ್ಕೊಳ್ಳಿ."

ಮೇಷ್ಟ್ರ ಮೈಯೆಲ್ಲ ಉರಿದುಹೋಯಿತು. "ಕಿಟಕಿ ಹತ್ತಿರ ಇದ್ದ ಖಾಲಿ ಜಾಗ ಇಲ್ಲಿಗೆ ಹೇಗ್ರೀ ಬಂತು? ಕುರ್ಚಿ ನಡ್ಕೊಂಡು ಬಂತಾ? ನೀವು ಅತ್ತ ಸರಿದ್ರಿ, ಅದು ಇತ್ತ ಬಂತು. ಇದೇ ರಂಧ್ರ. ನೀವೆಲ್ಲ ಬರೀ ಎಲೆಕ್ಟ್ರಾನುಗಳು!"

ಗುಡುಗು ಕೇಳಿ ವಿದ್ಯಾರ್ಥಿಗಳು ಬಾಗಿಲಲ್ಲಿ ನೆರೆದರು. "ಈಗ ಗೊತ್ತಾಯ್ತು ಸಾರ್," ಎಂದಳು ಮುಂದಿನ ಬೆಂಚಿನ ಹುಡುಗಿ. "ಅದು ವಾಪಸ್ಸೂ ಹೋಗುತ್ತಾ?"

ಇದಕ್ಕಿಂತ ಒಳ್ಳೆಯ ಪ್ರಶ್ನೆ ಮೇಷ್ಟ್ರಿಗೆ ಬೇಕಿರಲಿಲ್ಲ. "ವೋಲ್ಟೇಜ್ ತಿರುಗಿಸಿದ್ರೆ ಹೋಗುತ್ತೆ. ಏಳಿ, ಎಲ್ಲರೂ ಒಂದೊಂದು ಕುರ್ಚಿ ಹಿಂದಕ್ಕೆ."

ಮೊದಲು ಮೇಡಂ ಸರಿದರು, ಆಮೇಲೆ ಇತಿಹಾಸದವರು. ರಸಾಯನದವರಿಗೆ ಮನಸ್ಸಿರಲಿಲ್ಲ, ಆದರೆ ವಿದ್ಯಾರ್ಥಿಗಳೆದುರು ಹಟಮಾರಿ ಎಲೆಕ್ಟ್ರಾನ್ ಆಗುವುದೂ ಬೇಕಿರಲಿಲ್ಲ. ಬೆನ್ನು ಹಿಡಿದುಕೊಂಡು ಎದ್ದರು. ಖಾಲಿ ಜಾಗ ಕಿಟಕಿ ತಲುಪಿತು. ಚಪ್ಪಾಳೆ ಬಿತ್ತು. ಮೇಷ್ಟ್ರು ಮೀಸೆಯಡಿಯಲ್ಲೇ ನಕ್ಕು, ಹಳೆಯ ಕುರ್ಚಿಯ ಮೇಲಿದ್ದ ತಮ್ಮ ಕೈಚೀಲ ತರಲು ತಿರುಗಿದರು.

ಅಷ್ಟರಲ್ಲಿ ಪ್ರಾಂಶುಪಾಲರು ಅಪರಿಚಿತ ತರುಣನೊಬ್ಬನನ್ನು ಕರೆದುಕೊಂಡು ಒಳಗೆ ಬಂದರು.

"ನಿವೃತ್ತರಾದವರ ಜಾಗಕ್ಕೆ ಇವರು ಬಂದಿದಾರೆ. ಓಹೋ, ಕಿಟಕಿ ಪಕ್ಕದ್ದೇ ಖಾಲಿ ಇಟ್ಟಿದೀರ. ದೊಡ್ಡ ಮನಸ್ಸು ನಿಮ್ಮದು. ಕೂತ್ಕೋಪ್ಪ."

ತರುಣ ಎಲ್ಲರಿಗೂ ಕೈಮುಗಿದು ಕೂತೇಬಿಟ್ಟ. ರಸಾಯನದವರು ಮೇಷ್ಟ್ರನ್ನು ನುಂಗುವಂತೆ ನೋಡಿದರು.

ಹುಡುಗಿ ಇನ್ನೂ ಬಾಗಿಲಲ್ಲೇ ಇದ್ದಳು. "ಸಾರ್, ಹೊರಗಿಂದ ಎಲೆಕ್ಟ್ರಾನ್ ಬಂದು ರಂಧ್ರದಲ್ಲಿ ಕೂತ್ರೆ?"

"ಇನ್ನೇನು, ರಂಧ್ರದ ಕತೆ ಮುಗೀತು," ಎಂದು ಹಲ್ಲು ಕಡಿಯುತ್ತ ಮೇಷ್ಟ್ರು ತಮ್ಮ ಹಳೆಯ ಕುರ್ಚಿಯಲ್ಲಿ ಕುಕ್ಕರಿಸಿದರು. ಪಕ್ಕದ ಪಾಯಿಖಾನೆಯ ಬಾಗಿಲು ತಾನಾಗಿಯೇ ತೆರೆದುಕೊಂಡಿತು.