ಕಾಕಾನ ಗಾಡಿಯೊಳಗಿನ ಚಾಡಿಕೋರರು

ನಗಬಾರದೆಂದು ತುಟಿ ಕಚ್ಚಿಕೊಂಡು ಕೆಲಸ ಮಾಡಬೇಕಾದ ಪ್ರಸಂಗ ನನ್ನ ವೃತ್ತಿಯಲ್ಲಿ ತಿಂಗಳಿಗೊಂದಾದರೂ ಬರುತ್ತದೆ. ನಾನು ಮಣ್ಣು ಅಗೆಯುವ ದೊಡ್ಡ ಯಂತ್ರಗಳ ರಿಪೇರಿ ಮಾಡುವವನು. 1997ರಲ್ಲಿ ಗಂಗಾವತಿಯ ಗ್ಯಾರೇಜಿಗೆ ಸೇರಿದಾಗ, ಯಂತ್ರಕ್ಕೆ ಜ್ವರ ಬಂದಿದೆಯೋ ಇಲ್ಲವೋ ಎಂದು ಆಯಿಲ್ ಪೈಪು ಮುಟ್ಟಿ ನೋಡಿ ಹೇಳುತ್ತಿದ್ದೆವು. ಆಮೇಲೆ ಸೆನ್ಸರುಗಳು ಬಂದವು. ಸೆನ್ಸರ್ ಎಂದರೆ ಬೇರೇನಲ್ಲ, ಯಂತ್ರದೊಳಗೆ ಕೂತ ಚಾಡಿಕೋರ. ಆಯಿಲ್ ಬಿಸಿಯಾಯಿತು, ಒತ್ತಡ ಇಳಿಯಿತು ಎಂದು ಕಂಪ್ಯೂಟರಿಗೆ ಹೇಳುತ್ತಲೇ ಇರುತ್ತಾನೆ. ಅವನು ಹೇಳಿದ್ದು ನಿಜವೋ ಸುಳ್ಳೋ ಎಂದು ಕಂಡುಹಿಡಿಯುವುದೇ ನನ್ನ ಹೊಟ್ಟೆಪಾಡು.

ಕುಷ್ಟಗಿಯ ಸಾಹುಕಾರರೊಬ್ಬರ ಬಳಿ ಇಂಥದೊಂದು ಮಣ್ಣು ಅಗೆಯುವ ಗಾಡಿ ಇತ್ತು. ಅದನ್ನು ಓಡಿಸುವವನು ಹನುಮಸಾಗರದವನು, ಐವತ್ತು ದಾಟಿದ ಮನುಷ್ಯ, ಎಲ್ಲರಿಗೂ ಕಾಕಾ. ಗಾಡಿ ನಿಂತಾಗಲೆಲ್ಲ ಸಾಹುಕಾರರು ನನಗೆ ಒಂದೇ ಮಾತು ಹೇಳುತ್ತಿದ್ದರು: "ಮಿಸ್ತ್ರಿ, ತಪ್ಪು ಗಾಡೀದೋ ಕಾಕಾಂದೋ ಅಷ್ಟು ಹೇಳ್ರಿ. ಕಾಕಾಂದಿದ್ರ ಇವತ್ತ ಬಿಡಸ್ತೀನಿ."

ಹೀಗಾಗಿ ಕಾಕಾನ ನೌಕರಿ ನನ್ನ ಸ್ಪ್ಯಾನರಿನ ತುದಿಯಲ್ಲಿ ತೂಗಾಡುತ್ತಿತ್ತು. ನನಗೆ ಆ ಮನುಷ್ಯನನ್ನು ಕಂಡರೆ ಬಹಳ ಪ್ರೀತಿ.

ಏರುತ್ತಾ ಹೋದ ರೋಗ

ಗಾಡಿ ಇರಕಲ್ಲಗಡದಲ್ಲಿತ್ತು. ಕಾಕಾ ಫೋನ್ ಮಾಡಿದ. "ತಮ್ಮಾ, ಗಾಡಿ ಕೈ ಏಳವಲ್ದು. ಸೊರಗೇತಿ."

"ಎದುರಿನ ಪರದೆ ಮ್ಯಾಲ ನಂಬರ್ ಏನು ಬಂದೈತಿ, ನೋಡು ಕಾಕಾ."

"ಹನ್ನೊಂದು, ನಲವತ್ತು."

ಯಾವ ಸೆನ್ಸರ್ ಕೆಟ್ಟರೆ ಯಾವ ನಂಬರು ಎಂದು ಪುಸ್ತಕದಲ್ಲಿ ಬರೆದಿರುತ್ತದೆ. ಹುಡುಕಿದೆ. ಹನ್ನೊಂದು ನಲವತ್ತಕ್ಕೆ ಒಂದು ಒತ್ತಡದ ಸೆನ್ಸರ್ ಸಿಕ್ಕಿತು. ಹೊಸದೊಂದನ್ನು ಚೀಲಕ್ಕೆ ಹಾಕಿಕೊಂಡು ಆಗ ನಾನಿದ್ದ ಕೊಪ್ಪಳದಿಂದ ಬಸ್ಸು ಹತ್ತಿದೆ. ಕಾಕಾ ರಸ್ತೆಗೇ ಬಂದು ನಿಂತಿದ್ದ.

"ಲಗೂ ಬಾರಪಾ. ನೀ ಬರೂದ್ರಾಗ ರೋಗ ಭಾಳ ಏರೇತಿ. ಹನ್ನೊಂದು ನಲವತ್ತಿದ್ದದ್ದು ಈಗ ಹನ್ನೆರಡು ಐವತ್ತೈದು ಆಗೇತಿ."

ಅವನು ಓದಿ ಹೇಳಿದ್ದು ಪರದೆಯ ಮೂಲೆಯಲ್ಲಿದ್ದ ಗಡಿಯಾರವನ್ನು. ನಿಜವಾದ ರೋಗ ಬೇರೆ ಇತ್ತು, ಸೆನ್ಸರಿನ ವೈರು ಸಡಿಲಾಗಿತ್ತು. ಒತ್ತಿ ಕೂಡಿಸಿದೆ, ಕೈ ಎದ್ದಿತು. ಸಾಹುಕಾರರಿಗೆ ತಪ್ಪು ಗಾಡಿಯದೇ ಎಂದು ವರದಿ ಒಪ್ಪಿಸಿ, ಕಾಕಾನನ್ನು ಬದಿಗೆ ಕರೆದು ಅದು ಟೈಮು ಎಂದು ತಿಳಿಸಿದೆ. ಕಾಕಾ ತನ್ನ ಕೈಗಡಿಯಾರ ನೋಡಿಕೊಂಡ, ಪರದೆ ನೋಡಿದ.

"ಹಂಗಾದ್ರ ಇದು ಐದು ನಿಮಿಷ ಮುಂದೈತಿ. ಈ ರೋಗಕ್ಕ ಯಾರನ್ನ ಕರಸಬೇಕು?"

ಪಂಪಿಗೊಂದು ಕಾಯಿ

ಮಹಾನವಮಿಯ ಆಯುಧಪೂಜೆ ಮುಗಿದು ಎರಡು ದಿನವಾಗಿತ್ತು. ಗಾಡಿ ಮತ್ತೆ ಸೊರಗಿತು. ಸಾಹುಕಾರರೂ ಸ್ಥಳಕ್ಕೆ ಬಂದಿದ್ದರು. ಆಯಿಲ್ ತಳ್ಳಿ ಗಾಡಿಯ ಕೈ ಎತ್ತಿಸುವ ಪಂಪಿನ ಕಡೆಯ ಬಾಗಿಲು ತೆಗೆದರೆ ಅಲ್ಲೊಂದು ಇರುವೆಗಳ ಸಾಲು, ಶಿಸ್ತಾಗಿ ಸೆನ್ಸರಿನ ಒಳಗೆ ಹೋಗುತ್ತಿತ್ತು, ಹೊರಗೆ ಬರುತ್ತಿತ್ತು. ಮುಟ್ಟಿದರೆ ಅಂಟು ಅಂಟು.

ಮೆಲ್ಲಗೆ ಕೇಳಿದೆ. "ಕಾಕಾ, ಕಾಯಿ ಎಲ್ಲಿ ಒಡದಿ?"

"ಪಂಪಿಗೆ. ಎಲ್ಲಾರೂ ಮುಂದಿನ ಮಣ್ಣು ಅಗಿಯೂ ಬಕೆಟ್ಟಿಗೇ ಒಡೀತಾರ. ದುಡಿಯೂದು ಪಾಪ ಪಂಪು. ಅದಕ್ಕ ಇವತ್ತಿನ ತನಕ ಒಬ್ಬರೂ ಒಂದು ಕಾಯಿ ಒಡದಿಲ್ಲ."

ನನಗೆ ಬಯ್ಯಲು ಮನಸ್ಸೇ ಬರಲಿಲ್ಲ. ಇಷ್ಟು ವರ್ಷ ಪಂಪು ಬಿಚ್ಚಿದ ನನಗೂ ಅದಕ್ಕೊಂದು ಕಾಯಿ ಒಡೆಯಬೇಕೆಂದು ಹೊಳೆದಿರಲಿಲ್ಲ. ಸಾಹುಕಾರರತ್ತ ತಿರುಗಿ, "ಸೆನ್ಸರ್ ಒಳಗ ನೀರು ಹೋಗೇತ್ರಿ" ಎಂದು ಅಷ್ಟಕ್ಕೇ ನಿಲ್ಲಿಸಿದೆ.

"ಮಳೀನ ಆಗಿಲ್ಲ. ನೀರು ಎಲ್ಲಿಂದ ಬಂತು?"

ನಾನು ಉತ್ತರ ಹುಡುಕುವಷ್ಟರಲ್ಲಿ ಕಾಕಾನೇ ಮುಂದೆ ಬಂದ. ಸುಳ್ಳು ಅವನ ಬಾಯಲ್ಲಿ ನಿಲ್ಲುವುದಿಲ್ಲ. "ಬರೇ ನೀರಲ್ರೀ ಸಾಹುಕಾರ್ರ, ಪ್ರಸಾದ."

ಸಾಹುಕಾರರು ಹಲ್ಲು ಕಡಿದರು. ಹಬ್ಬದ ಮೋರೆ ನೋಡಿ ಬಿಡುತ್ತಿದ್ದೇನೆ, ಇನ್ನೊಂದು ಸಲ ಹೀಗಾದರೆ ಕಾಕಾ ಮನೆಗೆ ಎಂದರು.

ಎರಡು ಗಂಟೆಯ ದರ್ಶನ

ಮುಂದಿನ ಬೇಸಿಗೆಯಲ್ಲಿ ಯಲಬುರ್ಗಾ ಕಡೆ ಕೆರೆಯ ಹೂಳು ತೆಗೆಯುವ ಕೆಲಸ. ಸಾಹುಕಾರರ ಫೋನು ಬಂತು.

"ದಿನಾ ಮಧ್ಯಾಹ್ನ ಎರಡರ ಸುಮಾರಿಗೆ ಗಾಡಿ ನಿಲ್ಲಿಸಿ, ಕೈ ಮುಗುದು, ಕಣ್ಣು ಮುಚ್ಚಿ ಕುಂದರ್ತಾನ. ಮೂರು ದಿನ ನಾನ ನೋಡೀನಿ. ನೀವು ಬಂದು ಗಾಡಿ ಛಲೋ ಐತಿ ಅಂತ ಒಂದು ಮಾತು ಹೇಳ್ರಿ, ಅವನ ಲೆಕ್ಕ ಮುಗಸ್ತೀನಿ."

ಈ ಸಲ ಉಳಿಸುವುದು ಕಷ್ಟ ಎಂದುಕೊಂಡೇ ಬಸ್ಸು ಹತ್ತಿದೆ. ದಾರಿಯುದ್ದಕ್ಕೂ ಮನಸ್ಸು ಭಾರವಾಗಿತ್ತು.

ಕ್ಯಾಬಿನ್ನಿನಲ್ಲಿ ಕಾಕಾನ ಪಕ್ಕ ತೂರಿಕೊಂಡು ನಿಂತೆ. ಎದುರಿಗೆ ದೀಪಗಳ ಸಾಲಿನ ಮೇಲೆ ಹನುಮಪ್ಪನ ತೆಳು ಚಿತ್ರವೊಂದನ್ನು ಅಂಟಿಸಿದ್ದ. ಎರಡು ಗಂಟೆಯಾಯಿತು. ಹನುಮಪ್ಪನ ತಲೆಯ ಹಿಂದೆ ಕೆಂಪಗೆ ಬೆಳಕು ಮೂಡಿತು. ಕಾಕಾ ಬಕೆಟ್ಟನ್ನು ನೆಲಕ್ಕಿಳಿಸಿದ, ಎಂಜಿನ್ನಿನ ಸದ್ದು ತಗ್ಗಿಸಿದ, ಕೈ ಮುಗಿದ. ಹತ್ತು ನಿಮಿಷಕ್ಕೆ ಬೆಳಕು ಆರಿತು. "ದರ್ಶನ ಆತು" ಎಂದು ಮತ್ತೆ ಅಗೆಯತೊಡಗಿದ.

ಚಿತ್ರವನ್ನು ಭಕ್ತಿಯಿಂದಲೇ ಬಿಡಿಸಿ ನೋಡಿದೆ. ಹಿಂದಿದ್ದದ್ದು ಆಯಿಲ್ ಕಾದಾಗ ಹತ್ತುವ ದೀಪ. ಚಾಡಿಕೋರ ಸುಳ್ಳು ಹೇಳುತ್ತಿದ್ದಾನೆಂದು ಸೆನ್ಸರ್ ಬದಲಿಸಿದೆ. ಮರುದಿನವೂ ಎರಡಕ್ಕೆ ದೀಪ ಹತ್ತಿತು. ಕೊನೆಗೆ ಹಳೆಯ ವಿದ್ಯೆ ನೆನಪಾಗಿ ಆಯಿಲ್ ಪೈಪು ಮುಟ್ಟಿದೆ. ಬೆರಳು ಸುಟ್ಟಿತು. ಸೆನ್ಸರ್ ಹೇಳಿದ್ದೆಲ್ಲ ನಿಜ, ಸುಳ್ಳುಗಾರ ನಾನೇ. ಆಯಿಲ್ ತಣ್ಣಗೆ ಮಾಡುವ ಜಾಲರಿಯ ತುಂಬಾ ಕೆರೆಯ ಕರಿ ದೂಳು ಮೆತ್ತಿಕೊಂಡು, ಬಿಸಿಲೇರುವ ಎರಡರ ಹೊತ್ತಿಗೆ ಆಯಿಲ್ ಕಾದುಬಿಡುತ್ತಿತ್ತು.

ಸಾಹುಕಾರರು ಬಂದು ನಿಂತರು. "ತಪ್ಪು ಯಾರದು?"

ಪುಸ್ತಕ ತೆರೆದು ಓದಿದೆ. "ಈ ದೀಪ ಹತ್ತಿದರೆ ಕೆಲಸ ನಿಲ್ಲಿಸಿ. ಬಕೆಟ್ಟನ್ನು ನೆಲಕ್ಕಿಳಿಸಿ. ಎಂಜಿನ್ನನ್ನು ನಿಧಾನಕ್ಕೆ ಓಡಿಸುತ್ತಾ, ದೀಪ ಆರುವ ತನಕ ಕಾಯಿರಿ."

"ಅಂದ್ರ ಕಾಕಾ ಮಾಡಿದ್ದು?"

"ಪುಸ್ತಕದಾಗ ಬರದಂಗ ಐತ್ರಿ. ಕೈ ಮುಗಿಯೂದೊಂದು ಹೆಚ್ಚಿಗಿ ಆಗೇತಿ ನೋಡ್ರಿ. ಹಂಗ ನಿಲ್ಲಿಸದ ದುಡದಿದ್ರ ಪಂಪು ಎಂದೋ ಸುಟ್ಟು ಹೋಗ್ತಿತ್ತು."

ಅಷ್ಟು ವರ್ಷಗಳಲ್ಲಿ ಆ ಪುಟದಂತೆ ನಡೆದುಕೊಂಡ ಆಪರೇಟರನ್ನು ನಾನು ಕಂಡದ್ದು ಅದೇ ಮೊದಲು. ಸಾಹುಕಾರರು "ಹಂಗಾದ್ರ ಪಂಪು ಉಳಿಸಿದಾಂವ ಹನುಮಪ್ಪ" ಎಂದು ಚಪ್ಪಲಿ ಬಿಟ್ಟು ಕ್ಯಾಬಿನ್ ಹತ್ತಿ, ಚಿತ್ರವನ್ನು ತಮ್ಮ ಕೈಯಾರೆ ಅದೇ ಜಾಗಕ್ಕೆ ಅಂಟಿಸಿದರು. ಕಾಕಾನ ನೌಕರಿ ಉಳಿಯಿತು. ಜಾಲರಿ ತೊಳೆದುಕೊಟ್ಟು ಸಂತೋಷದಿಂದ ಊರಿಗೆ ಬಂದೆ.

ಎಂಟು ದಿನಕ್ಕೆ ಕಾಕಾನ ಫೋನು. ದನಿ ಬಹಳ ಸಣ್ಣಗಾಗಿತ್ತು.

"ತಮ್ಮಾ, ನೀ ಗಾಡಿ ರಿಪೇರಿ ಮಾಡಿದ್ಯೋ ಕೆಡಿಸಿದ್ಯೋ? ನೀ ಹೋದಾಗಿಂದ ಹನುಮಪ್ಪ ಒಂದು ದಿನಾನೂ ಬೆಳಗಿಲ್ಲ. ಸಾಹುಕಾರ್ರು ದಿನಾ ಎರಡಕ್ಕ ಮನಿಮಂದೀನೆಲ್ಲಾ ಕರ್ಕೊಂಡು ಬಂದು ಕೈ ಮುಗುದು ನಿಂದರ್ತಾರ. ನಾ ಅವರಿಗೆ ಏನಂತ ಹೇಳ್ಲಿ?"